ಊರು, ಆಮೇಲೆ ಹೆಸರು

ಕೋಲಾರ ಜಿಲ್ಲೆಯನ್ನು ಒಡೆದು ಚಿಕ್ಕಬಳ್ಳಾಪುರವನ್ನು ಬೇರೆ ಜಿಲ್ಲೆ ಮಾಡಿದಾಗ ನಮ್ಮ ಕಡೆಯವರೆಲ್ಲ ಸಿಹಿ ಹಂಚಿಕೊಂಡು ತಿಂದರು. ಚಿಂತಾಮಣಿಯಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ, ಕಂಪ್ಯೂಟರಿನ ಮುಂದೆ ಕೂತಿದ್ದ ತನುಜಳಿಗೂ ಒಂದು ಲಾಡು ಬಂತು. ತಿಂದು ಕೈ ತೊಳೆದ ಮೇಲೆ ಅವಳಿಗೆ ಹೊಳೆಯಿತು, ಈ ಹೊಸ ಜಿಲ್ಲೆಯಿಂದ ಎಲ್ಲರಿಗಿಂತ ಹೆಚ್ಚು ಕೆಲಸ ಬೀಳುವುದು ತನಗೇ ಎಂದು.

ಅವಳು ನೋಡಿಕೊಳ್ಳುತ್ತಿದ್ದದ್ದು ಹಾಡುಗಳ ಒಂದು ವೆಬ್‌ಸೈಟು. ಭಜನೆ ಪದ, ತತ್ವಪದ, ಸೋಬಾನೆ, ಅರ್ಧ ಕನ್ನಡ ಅರ್ಧ ತೆಲುಗಿನ ಜೋಗುಳ, ಎಲ್ಲವೂ ಅದರಲ್ಲಿದ್ದವು. ಮುರಳಿಮೋಹನ್ ಮೇಷ್ಟ್ರು ನೌಕರಿಯಲ್ಲಿದ್ದಷ್ಟು ಕಾಲವೂ ರಜೆ ಬಂದರೆ ಸಾಕು, ಹೆಗಲಿಗೆ ಟೇಪ್ ರೆಕಾರ್ಡರ್ ನೇತುಹಾಕಿಕೊಂಡು ಊರೂರು ತಿರುಗಿ ಇವನ್ನೆಲ್ಲ ಹಿಡಿದು ತಂದಿದ್ದರು. ಜಮೀನಿದ್ದವರು, ತಿರುಗಾಟಕ್ಕೆ ತೊಂದರೆಯಿರಲಿಲ್ಲ. ನಿವೃತ್ತರಾದ ಮೇಲೆ ಟೇಪುಗಳಿಗೆ ಬೂಷ್ಟು ಹಿಡಿಯುತ್ತದೆಂದು ಹೆದರಿ ಎಲ್ಲವನ್ನೂ ಇಂಟರ್‌ನೆಟ್ಟಿಗೆ ಹಾಕಿಸಿದರು. ಮೊದಲು ಅದನ್ನು ಕಟ್ಟಿಕೊಟ್ಟವನು ಅವರ ಶಿಷ್ಯನೊಬ್ಬ. ಅವನು ಮದುವೆಯಾಗಿ ಮಾವನ ದ್ರಾಕ್ಷಿ ತೋಟ ಸೇರಿಕೊಂಡ ಮೇಲೆ, ಬಿ.ಸಿ.ಎ. ಮುಗಿಸಿಕೊಂಡಿದ್ದ ತನುಜಳ ಕೊರಳಿಗೆ ಅದು ಬಿತ್ತು.

ಆ ಶಿಷ್ಯ ಮಹಾಶಯ ಸೈಟು ಕಟ್ಟಿದ್ದು ಮನೆಗೆ ತೇಪೆ ಹಾಕಿದ ಹಾಗೆ. ಒಂದಷ್ಟು ಹಾಡುಗಳ ವಿಳಾಸ ಕೋಲಾರದಿಂದ ಶುರುವಾಗಿ ತಾಲ್ಲೂಕು, ಹೋಬಳಿ, ಗ್ರಾಮ ಎಂದು ಇಳಿಯುತ್ತ ಹೋಗುತ್ತಿತ್ತು. ಇನ್ನೊಂದಷ್ಟಕ್ಕೆ ಟೇಪಿನ ಸಂಖ್ಯೆ, ಅದರ ಮಗ್ಗುಲು. ಮತ್ತೆ ಕೆಲವಕ್ಕೆ ಇಸವಿ. ಇದ್ಯಾವುದೂ ಬೇಡವೆನ್ನುವವರಿಗೆ ಬರೀ ಒಂದು ನಂಬರು. ಯಾವ ವಿಳಾಸಕ್ಕೆ ಯಾವ ಹಾಡು ಎಂದು ತೋರಿಸಲು ಇಷ್ಟಕ್ಕೂ ಬೇರೆಬೇರೆ ಸಾಲುಗಳನ್ನು ಬರೆದು ಒಂದು ಕಡತದಲ್ಲಿ ತುಂಬಿಟ್ಟಿದ್ದ. ತನುಜ ಆ ಕಡತವನ್ನು ತೆರೆದಾಗಲೆಲ್ಲ ಅವಳಿಗೆ ನಿದ್ದೆ ಬರುತ್ತಿತ್ತು.

ನಿದ್ದೆ ಎಂದರೆ ಸೋಮಾರಿತನದ ನಿದ್ದೆಯಲ್ಲ, ಆ ಹುಡುಗಿಯ ಸ್ವಭಾವವೇ ಹಾಗೆ. ಅವಳು ಎಚ್ಚರದಲ್ಲಿದ್ದಾಗಿನದಕ್ಕಿಂತ ಅರೆನಿದ್ದೆಯಲ್ಲಿದ್ದಾಗಲೇ ಚೆನ್ನಾಗಿ ಕೆಲಸ ಮಾಡುತ್ತಿದ್ದಳು. ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಕೆಳಗಿನ ಅಂಗಡಿಯ ಗೊಬ್ಬರದ ಘಾಟು ಮೆಟ್ಟಿಲೇರಿ ಬರುತ್ತಿತ್ತು. ಕಿಟಕಿಯಾಚೆ ಅಂಬಾಜಿದುರ್ಗದ ಬೆಟ್ಟ ಬಿಸಿಲಿಗೆ ಕರಗಿ ಹೋಗುತ್ತಿರುವಂತೆ ಕಾಣುತ್ತಿತ್ತು. ತನುಜ ಮೇಜಿನ ಮೇಲೆ ಕೆನ್ನೆಯಿಟ್ಟು ಕಣ್ಣು ಅರೆಮುಚ್ಚಿದರೆ, ಆ ಕಡತದ ಸಾಲುಗಳೆಲ್ಲ ದಾರಿಗಳಾಗಿ ಮೆಲ್ಲಗೆ ಬಿಚ್ಚಿಕೊಳ್ಳುತ್ತಿದ್ದವು.

ಯಾರೋ ಎಲ್ಲೋ ಕೂತು ಒಂದು ವಿಳಾಸ ಒತ್ತುತ್ತಾರೆ. ಅದು ಬ್ಯಾಗು ಹಿಡಿದ ಪ್ರಯಾಣಿಕನಾಗಿ ಇತ್ತ ನಡೆದುಬರುತ್ತದೆ. ಊರ ಮುಂದಿನ ಅರಳಿಕಟ್ಟೆಯ ಮೇಲೆ ಮುದುಕರು ಸಾಲಾಗಿ ಕೂತಿದ್ದಾರೆ. ಕಡತದ ಒಂದೊಂದು ಸಾಲೂ ಒಬ್ಬೊಬ್ಬ ಮುದುಕ. ಮೊದಲನೆಯವನು ಬಂದವನನ್ನು ಮೇಲಿಂದ ಕೆಳಗೆ ನೋಡಿ, ನಮ್ಮವನಲ್ಲ, ಮುಂದೆ ಹೋಗಪ್ಪ ಅನ್ನುತ್ತಾನೆ. ಎರಡನೆಯವನೂ ಹಾಗೇ ಅನ್ನುತ್ತಾನೆ. ಯಾವನು ಗುರುತು ಹಿಡಿಯುತ್ತಾನೋ ಅವನು ಎದ್ದು ಕೈಹಿಡಿದು ಮನೆಗೆ ಕರೆದೊಯ್ಯುತ್ತಾನೆ. ಸೈಟನ್ನು ಒಳಗಿನಿಂದ ನಡೆಸುವ ಫ್ರೇಮ್‌ವರ್ಕ್ ಎಂಬ ತಂತ್ರಾಂಶ ಮಾಡುವ ಕೆಲಸ ಇಷ್ಟೇ. ಶಿಷ್ಯ ಬರೆದಿಟ್ಟ ಮುದುಕರಲ್ಲಿ ಕೆಲವರಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಕೆಲವರು ಬೀದೀಲಿ ಹೋಗೋ ಮಾರಿಯನ್ನು ಮನೆಗೆ ಕರೆಯುವ ಜಾಯಮಾನದವರು, ಯಾರು ಬಂದರೂ ನಮ್ಮವರೇ ಎಂದು ಎಳೆದುಕೊಂಡು ಹೋಗಿಬಿಡುತ್ತಿದ್ದರು. ತತ್ವಪದ ಕೇಳಲು ಬಂದವರ ಕಿವಿಗೆ ಜೋಗುಳ ಬೀಳುತ್ತಿತ್ತು.

ಜಿಲ್ಲೆ ಒಡೆದದ್ದೇ ಮುರಳಿಮೋಹನ್ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. "ತನುಜಮ್ಮಾ, ಇನ್ಮೇಲೆ ನಾವು ಕೋಲಾರದವರಲ್ಲ. ಎಲ್ಲ ಕಡೆ ಕೋಲಾರ ತೆಗೆದು ಚಿಕ್ಕಬಳ್ಳಾಪುರ ಅಂತ ಹಾಕ್ಬಿಡು" ಎಂದರು.

"ಹಾಕ್ಬೋದು ಸಾರ್. ನಾಳೆ ಅದನ್ನೂ ಒಡೆದ್ರೆ?"

ಉತ್ತರ ಸಿಕ್ಕಿದ್ದು ಮನೆಯಲ್ಲಿ. ತನುಜಳ ಅಪ್ಪ ಬಯ್ಯಪ್ಪ ಅಂಚೆ ಇಲಾಖೆಯಲ್ಲಿದ್ದು ರಿಟೈರಾದವರು. ಸೈಕಲ್ ತುಳಿದು ತುಳಿದು ಮೊಣಕಾಲು ಸವೆಸಿಕೊಂಡಿದ್ದರು. ಮಗಳು ಊಟಕ್ಕೆ ಕೂತು ತನ್ನ ಕಷ್ಟ ಹೇಳಿಕೊಂಡಾಗ ಅವರು ನಕ್ಕರು.

"ಜಿಲ್ಲೆ, ತಾಲ್ಲೂಕು, ಮನೆ ನಂಬ್ರ ಎಲ್ಲ ಯಾರು ನೋಡ್ತಾರಮ್ಮ? ಊರು ಇರ್ಬೇಕು, ಆಮೇಲೆ ಹೆಸರು ಇರ್ಬೇಕು. ಅಷ್ಟಿದ್ರೆ ಕಾಗದ ತಲುಪ್ತದೆ."

ತನುಜಳ ಕೈಯ ತುತ್ತು ಅಲ್ಲೇ ನಿಂತಿತು. ಊರು, ಆಮೇಲೆ ಹೆಸರು. ರಾತ್ರಿ ಕಳೆದು ಬೆಳಗಾದದ್ದೇ ಅವಳು ಆ ತೇಪೆಯ ಮನೆಯನ್ನು ಕೆಡವಲು ಕೂತಳು. ವಾರಗಟ್ಟಲೆ ಕೂತಳು. ಹಾಡುಗಳನ್ನೆಲ್ಲ ಹೊಸದಾಗಿ ಊರಿನ ಕೆಳಗೆ, ಹಾಡಿದವರ ಹೆಸರಿನ ಕೆಳಗೆ ಜೋಡಿಸಿದಳು. ಹಳೆಯ ನಂಬರುಗಳನ್ನು ಎಸೆದಳು. ಅವಳ ಲೆಕ್ಕದಲ್ಲಿ ನಂಬರು ಸತ್ತ ವಸ್ತು, ಹೆಸರು ಜೀವಂತ. ಹಳೆಯ ಸೈಟನ್ನೂ ಮುಚ್ಚಿಸಿ ಅಳಿಸಿಹಾಕಿದಳು. ಕಡೆಗೆ ಕಡತದಲ್ಲಿ ಉಳಿದದ್ದು ಎರಡೇ ಸಾಲು. ಬರೀ ಊರು ಹಾಕಿದರೆ ಆ ಊರಿನಲ್ಲಿ ಹಾಡಿದವರೆಲ್ಲರ ಹೆಸರು ಕಾಣಬೇಕು, ಇದು ಒಂದು. ಊರಿನ ಮುಂದೆ ಒಂದು ಗೀಟು ಹಾಕಿ ಹೆಸರು ಹಾಕಿದರೆ ಆ ಮನುಷ್ಯ ಹಾಡಬೇಕು, ಇದು ಇನ್ನೊಂದು.

ಆಹಾ, ಆ ಎರಡು ಸಾಲು! ಹೊಸದಾಗಿ ಸಾರಿಸಿ ರಂಗೋಲಿಯಿಟ್ಟ ಅಂಗಳವನ್ನು ನೋಡುವವರ ಹಾಗೆ ತನುಜ ಅವನ್ನು ನೋಡುತ್ತ ಕೂರುತ್ತಿದ್ದಳು. ಕಣ್ಣು ಮುಚ್ಚಿದರೆ ಕಟ್ಟೆಯ ಮೇಲೆ ಈಗ ಇಬ್ಬರೇ ಮುದುಕರು. ಇಬ್ಬರಿಗೂ ಕಣ್ಣು ಚೆನ್ನಾಗಿ ಕಾಣುತ್ತದೆ. ಬಂದವರನ್ನು ಕೇಳುವುದು ಒಂದೇ ಮಾತು: ಯಾವೂರಿಗೆ, ಯಾರ ಮನೆಗೆ? ಪ್ರಯಾಣಿಕರು ಹೇಳುತ್ತಾರೆ, ನಡೆದು ಹೋಗುತ್ತಾರೆ. ಹಿಪ್ಪುನೇರಳೆ ತೋಟಗಳ ನಡುವೆ ಬೆಳ್ಳಗಿನ ದಾರಿಗಳು ಬಿದ್ದುಕೊಂಡಿವೆ, ಪ್ರತಿ ದಾರಿಯ ಕೊನೆಗೂ ಯಾರೋ ಒಬ್ಬರು ಹಾಡುತ್ತಿದ್ದಾರೆ.

ದಾರಿ ತಪ್ಪಿ ಬಂದವರಿಗೂ ಅವಳು ಒಂದು ಪುಟ ಮಾಡಿಟ್ಟಿದ್ದಳು. ಎಲ್ಲ ಸೈಟುಗಳಲ್ಲೂ ಇಂಥ ಕಡೆ ಇಂಗ್ಲಿಷಿನಲ್ಲಿ ಒರಟಾಗಿ ಏನೋ ಬರುತ್ತದೆ. ತನ್ನದರಲ್ಲಿ ಹಾಗಾಗಕೂಡದೆಂದು ಅಚ್ಚುಕಟ್ಟಾದ ಕನ್ನಡದಲ್ಲಿ, "ನೀವು ಹುಡುಕುತ್ತಿರುವವರು ಇಲ್ಲಿಲ್ಲ" ಎಂದು ಬರೆದು, ಕೆಳಗೆ ಆಫೀಸಿನ ಫೋನ್ ನಂಬರು ಹಾಕಿದ್ದಳು.

ಹೊಸ ಸೈಟು ಶುರುವಾದ ಮೇಲೆ ಒಂದು ವಿಚಿತ್ರ ಅವಳ ಕಣ್ಣಿಗೆ ಬಿತ್ತು. ಬಂದು ಹೋದವರ ಗುರುತೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತಲ್ಲ, ಅದರಲ್ಲಿ ಯಾರೋ ಪದೇಪದೇ ೪೧೭ ಎಂಬ ಹಳೆಯ ನಂಬರನ್ನು ಕೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬರುವುದು, ೪೧೭ ಎನ್ನುವುದು, ಇಲ್ಲಿಲ್ಲ ಅನ್ನಿಸಿಕೊಂಡು ಹೋಗುವುದು. ಎರಡು ದಿನ ಬಿಟ್ಟು ಮತ್ತೆ ಅದೇ. ಯಾವುದೋ ಯಂತ್ರ ತನ್ನ ಪಾಡಿಗೆ ತಾನು ಸುತ್ತುತ್ತಿರಬೇಕು ಎಂದುಕೊಂಡಳು. ಅಂಥ ಯಂತ್ರಗಳು ಲೋಕದ ತುಂಬ ಇವೆ, ಕರೆಯದಿದ್ದರೂ ಬಂದು ಬಾಗಿಲು ತಟ್ಟುತ್ತವೆ. ಆದರೂ ಮಧ್ಯಾಹ್ನವಾಯಿತೆಂದರೆ ಅವಳು ೪೧೭ರ ದಾರಿ ಕಾಯತೊಡಗಿದಳು. ಬಂದರೆ ಏನೋ ಸಮಾಧಾನ. ಬರದಿದ್ದರೆ ಯಾಕೆ ಬರಲಿಲ್ಲ ಎಂಬ ಯೋಚನೆ. ಕಟ್ಟೆಯ ಮುಂದೆ ಒಬ್ಬಾತ ಬಂದು ನಿಂತಿದ್ದಾನೆ, ತಲೆಯ ಮೇಲೆ ಟವೆಲ್ಲು, ಮುಖ ಕಾಣುವುದಿಲ್ಲ, ಕೇಳಿದರೆ ನಂಬರು ಬಿಟ್ಟು ಬೇರೆ ಮಾತಾಡುವುದಿಲ್ಲ. ಹೀಗೆ ಅವಳ ಅರೆನಿದ್ದೆಯೊಳಗೂ ಅವನು ಬಂದುಬಿಟ್ಟ.

ಅವನು ಅವನಲ್ಲ, ಅವಳು ಎಂದು ಗೊತ್ತಾದದ್ದು ಫೋನು ಬಂದಾಗ.

"ಮೇಡಂ, ನಾನು ಶಿಡ್ಲಘಟ್ಟದಿಂದ ಅಮೃತ ಅಂತ. ಬಸ್‌ಸ್ಟ್ಯಾಂಡ್ ಹತ್ರ ನೆಟ್ ಸೆಂಟರ್ ಇಟ್ಕೊಂಡಿದೀನಿ. ನಿಮ್ ಸೈಟಲ್ಲಿ ನಾನೂರ ಹದಿನೇಳು ಹಾಕಿದ್ರೆ ಮೊದ್ಲು ಬರ್ತಿತ್ತು, ಈಗ ಬರ್ತಾನೇ ಇಲ್ಲ."

ತನುಜ ಸಡಗರದಿಂದ ಎದ್ದು ಕೂತಳು. "ನಂಬರೆಲ್ಲ ತೆಗೆದ್ಬಿಟ್ಟಿದೀವಿ ಅಮೃತಾ. ಈಗ ಇನ್ನೂ ಸುಲಭ. ಊರು ಹಾಕಿ, ಗೀಟು ಹಾಕಿ, ಹೆಸರು ಹಾಕಿ. ಬರತ್ತೆ."

"ಊರು ಮಂಡಿಕಲ್ ಅಂತ ಹೇಳಿದ್ರು. ಹೆಸರು ಹೇಳಲ್ಲ ಅಂತಾರೆ."

"ಯಾರು?"

"ಒಬ್ರು ಅಮ್ಮ ಬರ್ತಾರೆ ಮೇಡಂ, ವಯಸ್ಸಾದೋರು. ಮಗಳ ಮನೇಲಿದ್ದಾರಂತೆ ಇಲ್ಲೇ. ಹಾಡಿರೋದು ಅವರ ಯಜಮಾನ್ರು. ತೀರ್ಕೊಂಡಿದಾರೆ. ಗಂಡನ ಹೆಸರು ಹೆಂಗೆ ಹೇಳ್ಲಿ ತಾಯಿ ಅಂತ ಕೂತ್ಬಿಡ್ತಾರೆ."

ಅಮೃತ ಮುಂದುವರಿಸಿದಳು. "ಮಂಡಿಕಲ್ ಪುಟ ತೆಗೆದು ಒಂದೊಂದೇ ಹೆಸರು ಓದ್ಲಾ ಅಮ್ಮ ಅಂದೆ. ಸೆಂಟರ್ ತುಂಬ ಹುಡುಗ್ರು ಗೇಮ್ ಆಡ್ತಾ ಇದ್ರು. ಅವರ ಮುಂದೆ ಅದೆಲ್ಲ ಬೇಡ ಅಂತ ಎದ್ದು ಹೋಗ್ಬಿಟ್ರು. ಮತ್ತೆ ಬಂದಾಗ್ಲೂ ನಾನೂರ ಹದಿನೇಳೇ ಹಾಕು ಅಂತಾರೆ. ನಾನೂ ಹಾಕ್ತೀನಿ. ಬಂದಿದ್ದನ್ನ ಓದಿ ಹೇಳ್ತೀನಿ."

"ಏನಂತ ಓದ್ತೀರಾ?"

"ಅದೇ ಮೇಡಂ, ನೀವು ಬರೆದಿರೋದು. ನೀವು ಹುಡುಕುತ್ತಿರುವವರು ಇಲ್ಲಿಲ್ಲ."

ತನುಜಳಿಗೆ ಕಿವಿಯವರೆಗೂ ಬಿಸಿಯಾಯಿತು. "ಅದಕ್ಕೆ ಆಯಮ್ಮ ಏನಂತಾರೆ?" ಎಂದು ಕೇಳಿದಳು.

"ಅದು ನಂಗೂ ಗೊತ್ತು ಕಣಮ್ಮ, ಆದ್ರೂ ಇನ್ನೊಂದ್ಸಲ ನೋಡು ಅಂತಾರೆ."

ಫೋನಿಟ್ಟ ಮೇಲೆ ತನುಜ ಬಹಳ ಹೊತ್ತು ಬೆಟ್ಟ ನೋಡಿದಳು. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಇದಕ್ಕೇ. ಅವಳ ಸ್ವಂತ ತಾಯಿ ಮುನಿಶಾಮಮ್ಮ ಈವತ್ತಿಗೂ ಗಂಡನ ಹೆಸರು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಾಗಲಿ, ಆಸ್ಪತ್ರೆಯ ಕಿಟಕಿಯಲ್ಲಾಗಲಿ ಯಜಮಾನರ ಹೆಸರೇನಮ್ಮ ಎಂದು ಕೇಳಿದರೆ ಸಾಕು, ಮಗಳ ಬೆನ್ನಿಗೆ ತಿವಿದು, "ಹೇಳಮ್ಮ, ನಿಮ್ಮಪ್ಪನ ಹೆಸರು" ಎನ್ನುತ್ತಿದ್ದಳು. ಲಂಗ ಹಾಕುವ ವಯಸ್ಸಿನಿಂದ ಬಯ್ಯಪ್ಪ, ಬಯ್ಯಪ್ಪ ಎಂದು ಕೂಗಿಕೂಗಿ ಬೆಳೆದವಳು ತನುಜ. ಅಂಥವಳು ಕೂತು ಕನಸು ಕಂಡು ಒಂದು ದಾರಿ ಮಾಡಿದಳು. ಗಂಡನ ಹೆಸರು ಹೇಳದ ಹೊರತು ಆ ದಾರಿಯಲ್ಲಿ ಹೆಂಡತಿ ಕಾಲಿಡುವ ಹಾಗಿರಲಿಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು.

ಮೇಷ್ಟ್ರನ್ನು ಕೇಳಿದಳು. "ಸಾರ್, ನಾನೂರ ಹದಿನೇಳು ಯಾರು?"

"ನಂಬರ್ ಯಾರಿಗೆ ನೆನಪಿರುತ್ತಮ್ಮ! ಹಳೇ ಸೈಟಿನಲ್ಲಿ ಸಾಲಾಗಿ ಬಿದ್ದಿದ್ದ ನಂಬರು ಅವು. ಕೈವಾರದಲ್ಲಿ ಒಂದು ಹುಣ್ಣಿಮೆ ಭಜನೆಗೆ ಎಲ್ಲರೂ ಸೇರಿದ್ದಾಗ, ಇದು ನಿಮ್ಮ ನಂಬರು, ಯಾವ ನೆಟ್ ಸೆಂಟರಿಗಾದ್ರೂ ಹೋಗಿ ಹೇಳಿ, ನಿಮ್ಮ ಹಾಡು ಬರ್ತದೆ ಅಂತ ಎಲ್ಲರಿಗೂ ಹೇಳಿದ್ದೆ. ಮಂಡಿಕಲ್‌ನಿಂದ ಒಂದು ದೊಡ್ಡ ಮೇಳಾನೇ ಬರ್ತಿತ್ತು. ಅವರಲ್ಲಿ ಯಾರೋ ಏನೋ. ಹೆಸರು ಕೇಳಿ ತಿಳ್ಕೊ."

ಹೆಸರು ಕೇಳಿ ತಿಳ್ಕೊ! ಗಂಡಸರಿಗೆ ಎಲ್ಲವೂ ಎಷ್ಟು ಸಲೀಸು. ತನುಜ ಮರುದಿನ ಶಿಡ್ಲಘಟ್ಟದ ಬಸ್ಸು ಹತ್ತಿದಳು.

ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಹೊರಗೆ ಹಿಪ್ಪುನೇರಳೆ, ಟೊಮೇಟೊ, ಮತ್ತೆ ಹಿಪ್ಪುನೇರಳೆ. ರೇಷ್ಮೆ ಹುಳು ಹಣ್ಣಾಗುವ ಕಾಲ, ಅವು ಗೂಡು ಕಟ್ಟಲೆಂದು ಮನೆಗಳ ಮುಂದೆ ಚಂದ್ರಿಕೆ ತಟ್ಟೆಗಳನ್ನು ಒರಗಿಸಿದ್ದರು. ಬಸ್ಸು ಯಾರು ಕೈ ತೋರಿಸಿದರೂ ನಿಲ್ಲುತ್ತಿತ್ತು. ಕಂಡಕ್ಟರು ಹತ್ತಿದ ಹೆಂಗಸರನ್ನು ಯಾವೂರಿಗಮ್ಮ ಎಂದಷ್ಟೇ ಕೇಳಿ ಟಿಕೆಟು ಹರಿಯುತ್ತಿದ್ದ, ಯಾರ ಮನೆಗೆ ಎಂದು ಯಾರನ್ನೂ ಕೇಳಲಿಲ್ಲ. ತನುಜ ಕಣ್ಣು ಮುಚ್ಚಿ ಮಂಡಿಕಲ್ಲಿನ ಹೆಸರುಗಳನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಒಂದೊಂದನ್ನೂ ತಾನೇ ಕೈಯಾರೆ ಜೋಡಿಸಿದ್ದವಳಿಗೆ ಅವು ಬಾಯಿಪಾಠವಾಗಿದ್ದವು. ಆದರೆ ಅವರಲ್ಲಿ ಯಾರ ಹಾಡನ್ನೂ ತಾನು ಪೂರ್ತಿ ಕೇಳಿಲ್ಲ ಎಂಬುದು ಆಗ ಅವಳಿಗೆ ನೆನಪಾಯಿತು. ಹಾಡಿಗೆ ದಾರಿ ಮಾಡುವುದರಲ್ಲೇ ಅವಳ ಹೊತ್ತೆಲ್ಲ ಕಳೆದುಹೋಗಿತ್ತು.

ಶಿಡ್ಲಘಟ್ಟದಲ್ಲಿ ಇಳಿದಾಗ ಗೂಡು ಬೇಯಿಸುವ ವಾಸನೆ ಮೂಗಿಗೆ ಬಂತು. ಅಮೃತಳ ನೆಟ್ ಸೆಂಟರಿನಲ್ಲಿ ಕರೆಂಟಿರಲಿಲ್ಲ. ಹುಡುಗರೆಲ್ಲ ಜಾಗ ಖಾಲಿ ಮಾಡಿದ್ದರು. ಅರ್ಧ ಎಳೆದ ಷಟರಿನ ಕೆಳಗಿಂದ ಬಿಸಿಲು ಒಂದು ಗೇಣು ಮಾತ್ರ ಒಳಗೆ ಬಂದಿತ್ತು. ಆ ಮಬ್ಬಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ತೆಳ್ಳಗಿನ ಮೈ, ನಶ್ಯದ ಬಣ್ಣದ ಸೀರೆ, ಮಡಿಲಲ್ಲಿ ಸೊಪ್ಪಿನ ಚೀಲ. ತರಕಾರಿಗೆಂದು ಹೇಳಿ ಮಗಳ ಮನೆಯಿಂದ ಬಂದಿದ್ದಳು.

"ಇವ್ರೇ ಅಮ್ಮ, ಹಾಡಿನ ಮೇಡಂ" ಎಂದಳು ಅಮೃತ.

ಆಕೆ ತನುಜಳನ್ನು ನೋಡಿ, "ನೀನೇನಮ್ಮ? ಇಷ್ಟು ಚಿಕ್ಕೋಳು" ಎಂದಳು. "ನಂಬ್ರ ಕಳ್ದೋಯ್ತಂತಲ್ಲ ತಾಯಿ. ಹೋಗ್ಲಿ ಬಿಡು, ನೀನೇನ್ ಬೇಕಂತ ಮಾಡ್ತೀಯಾ."

ಬೈದಿದ್ದರೆ ತನುಜಳಿಗೆ ಹಗುರವಾಗುತ್ತಿತ್ತು. ಅವಳು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. "ಮಗಳ ಕೈಲಿ ಹೇಳಿಸ್ಬೋದಿತ್ತಲ್ಲಮ್ಮ" ಎಂದಳು.

"ಮಗಳು ಹರಿತಂಗೆ ಹೇಳಿಲ್ಲ. ಅಪ್ಪನ ದನಿ ಕೇಳಿದ್ರೆ ಅದು ಅಳಕ್ಕೆ ಶುರು ಮಾಡ್ತದೆ. ನಾನು ಅಳಕ್ಕೆ ಬರಲ್ಲ ಇಲ್ಲಿಗೆ."

"ಸರಿ ಅಮ್ಮ. ನೀವೇನೂ ಹೇಳ್ಬೇಡಿ. ನಾನು ಹೇಳ್ತೀನಿ. ಇಲ್ಲಿ ನಾವ್ ಮೂರೇ ಜನ ಇರೋದು."

ಕರೆಂಟಿಲ್ಲದ ಆ ಕೋಣೆಯಲ್ಲಿ ತನುಜ ಮಂಡಿಕಲ್ಲಿನ ಹೆಸರುಗಳನ್ನು ಮೆತ್ತಗೆ ಹೇಳತೊಡಗಿದಳು. ವೆಂಕಟರವಣಪ್ಪ. ಚೆನ್ನರಾಯಪ್ಪ. ನರಸಿಂಹಪ್ಪ. ಒಂದು ಹೆಸರು ಹೇಳಿ ಸ್ವಲ್ಪ ನಿಲ್ಲುತ್ತಿದ್ದಳು, ಮತ್ತೆ ಇನ್ನೊಂದು. ಹೇಳುತ್ತ ಹೇಳುತ್ತ ಅವಳಿಗೇ ಮಂಪರು ಹತ್ತಿದ ಹಾಗಾಯಿತು. ಆ ಗಂಡಸರೆಲ್ಲ ಷಟರಿನ ಕೆಳಗಿಂದ ಒಬ್ಬೊಬ್ಬರಾಗಿ ತಲೆ ಬಗ್ಗಿಸಿ ಒಳಗೆ ಬರುತ್ತಿದ್ದಾರೆ, ಕಾಲಿನ ಧೂಳು ಕೊಡವಿ ಗೋಡೆಯ ಪಕ್ಕ ನಿಲ್ಲುತ್ತಿದ್ದಾರೆ ಎನ್ನಿಸಿತು. ಆಕೆ ಸೊಪ್ಪಿನ ಚೀಲದ ಹಿಡಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ವೆಂಕಟರಾಯಪ್ಪ. ಆವಲಪ್ಪ.

ಆಕೆಯ ಕೈ ಸೆರಗಿಗೆ ಹೋಯಿತು. ಸೆರಗನ್ನು ತಲೆಯ ಮೇಲೆಳೆದುಕೊಂಡು ಮುಖವನ್ನು ಒಂದಿಷ್ಟು ಆಚೆ ತಿರುಗಿಸಿದಳು. ಹೊಸ ಮದುವಣಗಿತ್ತಿಯ ನಾಚಿಕೆ ಆ ಸುಕ್ಕುಗಟ್ಟಿದ ಮುಖದಲ್ಲಿ ಬಂದು ನಿಂತಿತ್ತು. ತನುಜ ಮುಂದಿನ ಹೆಸರು ಹೇಳಲಿಲ್ಲ. ಅಮೃತ ಬಾಯಿಗೆ ಕೈಯಿಟ್ಟುಕೊಂಡು ಕೂತಳು.

ಕರೆಂಟು ಬರುವವರೆಗೂ ಮೂವರೂ ಹಾಗೇ ಕಾದರು. ಆಕೆ ಚೀಲದಿಂದ ಒಂದು ಸೀಬೆಹಣ್ಣು ತೆಗೆದು ಮೂರು ಭಾಗ ಮಾಡಿಕೊಟ್ಟಳು. ರಸ್ತೆಯಲ್ಲಿ ಗೂಡು ತುಂಬಿದ ಆಟೋಗಳು ಮಾರುಕಟ್ಟೆಯ ಕಡೆ ಹೋಗುತ್ತಿದ್ದವು. ಆಮೇಲೆ ಫ್ಯಾನು ಕಿರುಗುಟ್ಟಿ ತಿರುಗಿತು, ಕಂಪ್ಯೂಟರು ಒಂದೊಂದೇ ದೀಪ ಹೊತ್ತಿಸಿಕೊಂಡು ಎದ್ದಿತು. ಅಮೃತ ಮಂಡಿಕಲ್ ಎಂದು ಒತ್ತಿ, ಗೀಟು ಹಾಕಿ, ಸದ್ದಿಲ್ಲದೆ ಆ ಹೆಸರನ್ನೂ ಒತ್ತಿದಳು.

ಮೊದಲು ಒಂದು ಹುಂಜ ಕೂಗಿತು. ಯಾವುದೋ ಜಗುಲಿಯ ಮೇಲೆ ಯಾವುದೋ ಕಾಲದ ಬೆಳಗು. ಮುರಳಿಮೋಹನ್ ಮೇಷ್ಟ್ರ ಹರೆಯದ ದನಿ ಕೇಳಿಸಿತು.

"ಈ ಪದ ನಿಮಗೆ ಹೇಳಿಕೊಟ್ಟವರು ಯಾರು?"

"ನಮ್ಮನೇಲೇ" ಎಂದಿತು ಒಂದು ಗಡಸು ಗಂಟಲು.

"ಮನೇಲಿ ಅಂದ್ರೆ ಯಾರು? ಟೇಪಿಗೆ ಹೆಸರು ಬೇಕಾಗುತ್ತೆ."

"ಹೇಳ್ಲೇಬೇಕಾ?"

"ಹೇಳ್ಬೇಕು."

ಸ್ವಲ್ಪ ಹೊತ್ತು ಬರೀ ಟೇಪಿನ ಸುಯ್ಯೆನ್ನುವ ಸದ್ದು. ದೂರದಲ್ಲಿ ಒಂದು ನಾಯಿ ಬೊಗಳಿತು. ಆತ ಕೆಮ್ಮಿದ, ದನಿ ತಗ್ಗಿಸಿದ.

"ಓಬಳಮ್ಮ" ಎಂದ. ಹೇಳಿದ ಮೇಲೆ, ಅಡುಗೆಮನೆಯಿಂದ ಬೆಲ್ಲ ಕದ್ದು ತಿಂದವನ ಹಾಗೆ ಒಂದು ಸಣ್ಣ ನಗೆ ನಕ್ಕ. ತಂಬೂರಿ ಶುರುವಾಯಿತು.

"ಸಾಕು ತಾಯಿ, ನಿಲ್ಸು" ಎಂದಳು ಆಕೆ.

ಅಮೃತ ಗಾಬರಿಯಿಂದ ನಿಲ್ಲಿಸಿದಳು. "ಯಾಕಮ್ಮ? ಹಾಡು ಇನ್ನೂ ಬಂದೇ ಇಲ್ಲ!" ಎಂದಳು ತನುಜ.

"ಯಾವಾಗ್ಲೂ ಇಷ್ಟೇ ಮೇಡಂ" ಎಂದಳು ಅಮೃತ. "ಇಲ್ಲಿಗೆ ಬಂದ್ರೆ ನಿಲ್ಸು ಅಂತಾರೆ. ಅಳು ಬರ್ತದೇನೋ ಅಂದ್ಕೊಂಡು ನಾನೂ ಕೇಳಿಲ್ಲ."

"ಹಾಡು ನಂಗೆ ಬರ್ತದೆ ಕಣಮ್ಮ. ನಾನು ಹೇಳ್ಕೊಟ್ಟಿದ್ದೇ ಅಲ್ವಾ ಅದು." ಆಕೆ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು. ಅಳುತ್ತಿರಲಿಲ್ಲ, ಬೆವರು ಅಷ್ಟೇ. "ನಮ್ಮಮ್ಮನಿಂದ ಕಲ್ತಿದ್ದೆ. ರಾಗಿ ಬೀಸ್ತಾ ಹೇಳ್ತಿದ್ದೆ, ಅವ್ರು ಕೇಳಿಕೇಳಿ ಕಲ್ತ್ಕೊಂಡ್ರು. ಒಂದು ಜನ್ಮ ಸಂಸಾರ ಮಾಡಿದ್ವಿ. ಏಯ್ ಅನ್ನೋರು, ಇವಳೇ ಅನ್ನೋರು, ಹರಿತ ಹುಟ್ಟಿದ್ ಮೇಲೆ ಹರಿತನ ಅಮ್ಮ ಅನ್ನೋರು. ಹೆಸರು ಹಿಡ್ದು ಕರೆದೋರಲ್ಲ. ಆ ಮೇಷ್ಟ್ರು ಬಂದ ದಿನ ನಾನು ಒಳಗೆ ಒಲೆ ಮುಂದೆ ಇದ್ದೆ, ಅವ್ರು ಹಿಂಗಂದಿದ್ದು ನಂಗೆ ಕೇಳಿಸ್ಲೇ ಇಲ್ಲ. ಅವ್ರೂ ಹೇಳ್ಲಿಲ್ಲ. ಅವ್ರು ಹೋದ್ಮೇಲೆ, ಇಲ್ಲಿ ಕೂತು ಕೇಳ್ದಾಗ್ಲೇ ನಂಗೆ ಗ್ಯಾನ ಬಂದಿದ್ದು, ನನ್ ಹೆಸರು ಅವರಿಗೆ ಬರ್ತಿತ್ತು ಅಂತ."

ತನುಜ ಅಮೃತಳ ಮುಖ ನೋಡಿದಳು. ಅಮೃತಳೂ ಅವಳನ್ನೇ ನೋಡುತ್ತಿದ್ದಳು. ಇಷ್ಟು ದಿನ, ಇಷ್ಟು ಫೋನು, ಇಷ್ಟು ದೂರದ ಬಸ್ಸು. ಗಂಡನ ಹೆಸರೇನು, ಗಂಡನ ಹೆಸರೇನು ಎಂದು ಎಲ್ಲರೂ ಎಲ್ಲರನ್ನೂ ಕೇಳಿದ್ದೇ ಕೇಳಿದ್ದು. ಎದುರಿಗೆ ಬಂದು ಕೂತ ಈ ಜೀವವನ್ನು, ನಿಮ್ಮ ಹೆಸರೇನಮ್ಮ ಎಂದು ಒಂದು ಪಿಳ್ಳೆಯೂ ಕೇಳಿರಲಿಲ್ಲ.

"ಓಬಳಮ್ಮನವ್ರೇ" ಎಂದಳು ತನುಜ. "ಒಂದ್ನಿಮಿಷ ಕೂತಿರಿ."

ಅವಳು ಅಮೃತಳ ಕುರ್ಚಿಯಲ್ಲಿ ಕೂತು ತನ್ನ ಸೈಟಿನ ಒಳಬಾಗಿಲು ತೆರೆದಳು. ಮಂಡಿಕಲ್ಲಿನ ಕೆಳಗೆ ಹೊಸ ಹೆಸರೊಂದನ್ನು ಸೇರಿಸಿ, ಈ ಪದವನ್ನು ಅದರ ಮುಂದೆಯೂ ಇಟ್ಟಳು. ಪದ ಯಾರದು ಎಂಬ ಜಾಗದಲ್ಲಿ ಆ ಹೆಸರನ್ನೇ ಬರೆದಳು. ಅವಳ ಹೆಮ್ಮೆಯ ಆ ಎರಡು ಸಾಲುಗಳಲ್ಲಿ ಒಂದು ಅಕ್ಷರವನ್ನೂ ತಿದ್ದಬೇಕಾಗಲಿಲ್ಲ. ಅವು ಕೇಳುತ್ತಿದ್ದದ್ದು ಊರು, ಆಮೇಲೆ ಹೆಸರು. ಅದು ಗಂಡಸಿನ ಹೆಸರೇ ಆಗಬೇಕೆಂದು ಅವು ಯಾವತ್ತೂ ಹೇಳಿರಲಿಲ್ಲ, ಹಾಗಂದುಕೊಂಡವಳು ಬರೆದವಳೇ. ಆಮೇಲೆ ಆ ‘ಇಲ್ಲಿಲ್ಲ’ ಎಂಬ ಅಚ್ಚುಕಟ್ಟಾದ ಕನ್ನಡವನ್ನು ಪೂರ್ತಿ ಅಳಿಸಿ, ಬರೀ ಫೋನ್ ನಂಬರನ್ನು ಉಳಿಸಿದಳು. ಊರಿಗೆ ಹೋದ ಮೇಲೆ ಮೇಷ್ಟ್ರ ಟೇಪುಗಳನ್ನೆಲ್ಲ ಮೊದಲಿನಿಂದ ಕೇಳಬೇಕು, ಒಂದೊಂದರಲ್ಲೂ ಹಾಡಿಗೆ ಮುಂಚೆ ಯಾರ‍್ಯಾರ ಹೆಸರು ಕೂತಿದೆಯೋ ನೋಡಬೇಕು ಎಂದುಕೊಂಡಳು.

"ಅಮ್ಮ, ಇನ್ಮೇಲೆ ನಂಬರ್ ಬೇಡ. ಯಜಮಾನ್ರ ಹೆಸರೂ ಬೇಡ. ನಿಮ್ಮೂರು ಹೇಳಿ, ನಿಮ್ಮ ಹೆಸರು ಹೇಳಿ."

ಓಬಳಮ್ಮ ನಂಬಲಿಲ್ಲ. "ನನ್ ಹೆಸರಲ್ಲಿ ಕರೆದ್ರೆ ಅವ್ರು ಬರ್ತಾರಾ?"

"ಕರೆದು ನೋಡಿ."

ಆಕೆ ಚೀಲವನ್ನು ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡಳು. ಆಗಷ್ಟೇ ಒಳಗೆ ಬಂದವಳ ಹಾಗೆ ಅಮೃತಳ ಕಡೆ ತಿರುಗಿ ನೆಟ್ಟಗೆ ಕೂತಳು.

"ಮಂಡಿಕಲ್" ಎಂದಳು. ಆಮೇಲೆ ಸ್ವಲ್ಪ ತಡೆದು, ಮೆಲ್ಲಗೆ, "ಓಬಳಮ್ಮ."

ಅಮೃತ ಒತ್ತಿದಳು. ಜಗುಲಿಯ ಮೇಲೆ ಹುಂಜ ಕೂಗಿತು. ಮೇಷ್ಟ್ರು ತಮ್ಮ ಪ್ರಶ್ನೆ ಕೇಳಿದರು, ಹೆಸರು ಹೇಳಲೇಬೇಕೆಂದರು. ಟೇಪು ಸುಯ್ಯೆಂದಿತು, ನಾಯಿ ಬೊಗಳಿತು, ಆತ ಕೆಮ್ಮಿ ದನಿ ತಗ್ಗಿಸಿದ. ಓಬಳಮ್ಮ ಕಣ್ಣು ಮುಚ್ಚಿಕೊಂಡು ಕಾದಳು. ಆಕೆ ಈಗ ತಾನೇ ಹೇಳಿದ್ದನ್ನೇ ಆತನೂ ಹೇಳಿದ.